ಕೈಯಲ್ಲಿನ ಫೋನೂ ಕಣ್ಣಿನೊಳಗಣ ಚಿತ್ರವೂ

ಕಳೆದ ವರ್ಷ ಬೈಯಪ್ಪನಹಳ್ಳಿಯ ನಮ್ಮ ಶಾಲೆಯಲ್ಲಿ ಸೇರಿದ ಪಾಲಕರ ಸಭೆಯಲ್ಲಿ, ಬಾಲಿಕೆಯರ ಕಣ್ಣುಗಳನ್ನು ಮೊಬೈಲ್ ಫೋನಿನ ಸಹಾಯದಿಂದ ಪರೀಕ್ಷಿಸುವ ಏರ್ಪಾಡಿನ ವಿಷಯವನ್ನು ನಾವು ಪ್ರಸ್ತಾಪಿಸಿದೊಡನೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎದ್ದು ನಿಂತು, "ಮಿಸ್, ಫೋನು ನೋಡಿದರೆ ಕಣ್ಣು ಕೆಡುತ್ತದೆಂದು ಮಕ್ಕಳಿಗೆ ಹೇಳುವವರು ನೀವೇ, ಈಗ ಅದೇ ಫೋನಿನಿಂದ ಕಣ್ಣಿನ ಪರೀಕ್ಷೆ ಎನ್ನುತ್ತೀರಲ್ಲ, ಇದು ಹೇಗೆ?" ಎಂದು ಕೇಳಿದರು. ಸಭೆಯಲ್ಲಿ ನಗು ಎದ್ದಿತು, ನಾವೂ ನಕ್ಕೆವು. ಆದರೆ ಪ್ರಶ್ನೆಯು ನಕ್ಕು ಬಿಡತಕ್ಕದ್ದಾಗಿರಲಿಲ್ಲ. ಅಂದು ವೇಳೆ ಸಾಲದೆ ಎರಡು ಮಾತಿನಲ್ಲಿ ಮುಗಿಸಿದ ಉತ್ತರವನ್ನು ಈ ಸ್ಮರಣ ಸಂಚಿಕೆಯಲ್ಲಿ ಕೊಂಚ ವಿಸ್ತಾರವಾಗಿ ಬರೆಯುವುದು ನಮ್ಮ ಕರ್ತವ್ಯವೆಂದು ತೋರಿತು. ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಪಾಲಕರೂ ಇದನ್ನು ತಾಳ್ಮೆಯಿಂದ ಓದಬೇಕಾಗಿ ಪ್ರಾರ್ಥಿಸುತ್ತೇವೆ.

ವಿಷಯಕ್ಕೆ ಬರುವ ಮುಂಚೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಎತ್ತರವಾಗಿ ಬೆಳೆದ ಒಬ್ಬ ಹುಡುಗಿ ಇದ್ದಳು. ಎತ್ತರವಾದುದರಿಂದಲೇ ಅವಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆವು. ಕರಿಹಲಗೆಯ ಮೇಲೆ ಬರೆದುದನ್ನು ಅವಳು ನೋಡಿ ಬರೆಯುತ್ತಿರಲಿಲ್ಲ. ಪಕ್ಕದವಳ ಪುಸ್ತಕವನ್ನು ನೋಡಿ ಬರೆಯುತ್ತಿದ್ದಳು. ಇದನ್ನು ಸೋಮಾರಿತನವೆಂದು ತಿಳಿದು, ಎರಡು ವರ್ಷ ಅವಳ ಪ್ರಗತಿ ಪತ್ರದಲ್ಲಿ "ಲಕ್ಷ್ಯ ಸಾಲದು" ಎಂದು ಬರೆದೆವು. ಬಳಿಕ ಯಾರೋ ಬಂಧುಗಳು ಅವಳನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಕನ್ನಡಕ ಧರಿಸಿ ಬಂದ ದಿನ ಆ ಹುಡುಗಿ ನಮ್ಮೊಡನೆ ಹೇಳಿದ ಮಾತು ಇಷ್ಟೇ: "ಮಿಸ್, ಇನ್ನು ಬಸ್ಸಿನ ನಂಬರನ್ನು ಯಾರನ್ನೂ ಕೇಳಬೇಕಾಗಿಲ್ಲ." ಹಳೆಯ ಮದರಾಸು ರಸ್ತೆಯಲ್ಲಿ ನಿಂತು ಬಂದ ಬಂದ ಬಸ್ಸಿನ ನಂಬರನ್ನು ಅಪರಿಚಿತರಿಂದ ಕೇಳಿ ತಿಳಿಯುತ್ತಿದ್ದ ಮಗುವನ್ನು ನಾವು ಎರಡು ವರ್ಷ ಗದರಿಸಿದ್ದೆವು. ಆ ಎರಡು ವರ್ಷಗಳನ್ನು ನಾವು ಅವಳಿಗೆ ಹಿಂದಕ್ಕೆ ಕೊಡಲಾರೆವು.

ಕಣ್ಣಿನ ತೊಂದರೆಗಳನ್ನು ನಮ್ಮ ಅನುಕೂಲಕ್ಕಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಕಣ್ಣು ಆರೋಗ್ಯವಾಗಿದ್ದರೂ ಬೆಳಕು ಸರಿಯಾದ ಸ್ಥಳದಲ್ಲಿ ಕೂಡದೆ ನೋಟ ಮಸುಕಾಗುವುದು. ಇದಕ್ಕೆ ಕನ್ನಡಕವೇ ಪರಿಹಾರ. ಎರಡನೆಯದು, ಕಣ್ಣಿನ ಒಳಗಿನ ಭಾಗಗಳಿಗೇ ರೋಗ ತಗುಲುವುದು; ಇದು ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ, ಅನೇಕ ವೇಳೆ ರೋಗಿಗೂ ತಿಳಿಯುವುದಿಲ್ಲ. ಫೋನು ಈ ಎರಡರಲ್ಲಿಯೂ ನೆರವಾಗುತ್ತದೆ. ಆದರೆ ನೆರವಾಗುವ ಬಗೆ ಬೇರೆ ಬೇರೆ.

ಮೊದಲನೆಯ ಪರೀಕ್ಷೆ ಸುಲಭವಾದದ್ದು. ಡಚ್ಚರ ವೈದ್ಯ ಸ್ನೆಲೆನ್ ಎಂಬವರು 1862ರಲ್ಲಿ ಪ್ರಕಟಿಸಿದ ಅಕ್ಷರಗಳ ಫಲಕವನ್ನು ನಮ್ಮ ವಾಚಕರಲ್ಲಿ ನೋಡದವರಿಲ್ಲ. ಅದೇ ಕೆಲಸವನ್ನು ಫೋನಿನ ತೆರೆಯ ಮೇಲೆ ಒಂದೊಂದೇ ಅಕ್ಷರವನ್ನು ತೋರಿಸಿ ಮಾಡಬಹುದು. ಇಂಗ್ಲಿಷಿನ 'ಇ' ಅಕ್ಷರವು ನಾಲ್ಕು ದಿಕ್ಕುಗಳಿಗೆ ತಿರುಗಿ ತಿರುಗಿ ಬರುತ್ತದೆ. ಅದರ ಕಾಲುಗಳು ಯಾವ ಕಡೆಗಿವೆಯೆಂದು ಮಗುವು ಬೆರಳಿನಿಂದ ತೋರಿಸಿದರೆ ಸಾಕು. ಓದು ಬಾರದ ಅಜ್ಜಿಯೂ ಈ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಉಪಾಧ್ಯಾಯಿನಿಯರು ಅಲ್ಪ ಅಭ್ಯಾಸದಿಂದ ಇದನ್ನು ಕಲಿಯಬಲ್ಲರು. ಯಾರ ದೃಷ್ಟಿ ಸಾಲದೆಂಬುದು ಇದರಿಂದ ತಿಳಿಯುತ್ತದೆ. ಏಕೆ ಸಾಲದೆಂಬುದನ್ನು ತಿಳಿಯತಕ್ಕವರು ವೈದ್ಯರು.

ಎರಡನೆಯದು ಕಣ್ಣಿನ ಒಳಗನ್ನು ನೋಡುವ ಪರೀಕ್ಷೆ. ಕಣ್ಣಿನ ಪಾಪೆಯು ಕಪ್ಪಾಗಿ ಕಾಣುವುದೇಕೆ? ಒಳಗೆ ಹೋದ ಬೆಳಕು ತಾನು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಆ ಬೆಳಕನ್ನು ಹಿಡಿಯಬೇಕಾದರೆ ನೋಡುವವನ ಕಣ್ಣು ದೀಪವಿರುವ ಸ್ಥಳದಲ್ಲಿಯೇ ಇರಬೇಕು. ಅಲ್ಲಿ ತಲೆಯಿಟ್ಟರೆ ದೀಪಕ್ಕೆ ಮರೆಯಾಗುತ್ತದೆ. ಈ ತೊಡಕನ್ನು ಬಿಡಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ. ಓರೆಯಾಗಿ ಹಿಡಿದ ಗಾಜಿನ ತೆಳುಹಲಗೆಗಳಿಂದ ದೀಪದ ಬೆಳಕನ್ನು ಕಣ್ಣಿನೊಳಕ್ಕೆ ತಿರುಗಿಸಿ, ಅದೇ ಗಾಜಿನ ಮೂಲಕ ತಾನು ನೋಡುವ ಉಪಕರಣವನ್ನು ಅವನು 1851ರಲ್ಲಿ ಲೋಕಕ್ಕೆ ತಿಳಿಸಿದನು. ಅಂದಿನಿಂದ ಜೀವಂತ ಮನುಷ್ಯನ ಕಣ್ಣಿನ ಹಿಂಗೋಡೆಯು ವೈದ್ಯರಿಗೆ ಕಾಣತೊಡಗಿತು. ಅದರ ಛಾಯಾಚಿತ್ರವನ್ನು ಇಂಗ್ಲೆಂಡಿನ ಜ್ಯಾಕ್‌ಮನ್ ಮತ್ತು ವೆಬ್‌ಸ್ಟರ್ ಎಂಬವರು 1886ರಲ್ಲಿ ತೆಗೆದಾಗ, ರೋಗಿಯು ಎರಡೂವರೆ ನಿಮಿಷ ಕಣ್ಣನ್ನು ಅಲುಗಿಸದೆ ಕೂರಬೇಕಾಯಿತಂತೆ.

ಅನಂತರ ಆಸ್ಪತ್ರೆಗಳಿಗೆ ಉತ್ತಮವಾದ ಕ್ಯಾಮೆರಾಗಳು ಬಂದವು. ಆದರೆ ಅವು ಮೇಜಿನ ಮೇಲೆ ಭದ್ರವಾಗಿ ಕೂರತಕ್ಕವು, ಬೆಲೆಯೂ ಬಹಳ. ರೋಗಿಯೇ ಅವುಗಳ ಬಳಿಗೆ ಹೋಗಬೇಕು. ಈಗಿನ ಫೋನಿನಲ್ಲಾದರೋ ಕ್ಯಾಮೆರಾ, ಅದರ ಪಕ್ಕದಲ್ಲಿಯೇ ದೀಪ, ಚಿತ್ರವನ್ನು ಕೂಡಿಡುವ ಸ್ಥಳ, ದೂರಕ್ಕೆ ಕಳುಹಿಸುವ ಸಾಧನ ಇವೆಲ್ಲವೂ ಅಂಗೈಯಷ್ಟು ಜಾಗದಲ್ಲಿ ಸೇರಿಕೊಂಡಿವೆ. ಹೆಲ್ಮ್‌ಹೋಲ್ಟ್ಸನು ಬಯಸಿದಂತೆ ದೀಪವೂ ನೋಡುವ ಕಣ್ಣೂ ಹೆಚ್ಚುಕಡಿಮೆ ಒಂದೇ ಸ್ಥಳದಲ್ಲಿವೆ. ಕೊರತೆಯಾಗಿ ಉಳಿದದ್ದು ಒಂದು ಮಸೂರ ಮಾತ್ರ.

ಆ ಮಸೂರದ ಕೆಲಸವನ್ನು ವಾಚಕರು ಮನೆಯಲ್ಲಿಯೇ ತಿಳಿಯಬಹುದು. ಭೂತಗನ್ನಡಿಯನ್ನು ತೋಳಿನುದ್ದಕ್ಕೆ ಚಾಚಿ ಹಿಡಿದು, ಸೂರ್ಯನಿಲ್ಲದ ಕಡೆಯ ಕಿಟಕಿಯತ್ತ ನೋಡಿರಿ. ಹೊರಗಿನ ಮರವೂ ಮನೆಯೂ ತಲೆಕೆಳಗಾಗಿ, ಚಿಕ್ಕದಾಗಿ, ಸ್ಪಷ್ಟವಾಗಿ ಕಾಣುವುವು. ವೈದ್ಯರು ಉಪಯೋಗಿಸುವ ಮಸೂರವು ಸಾಮಾನ್ಯವಾಗಿ 20 ಡಯಾಪ್ಟರ್ ಶಕ್ತಿಯದು. ಅಂದರೆ ಅದು ಬೆಳಕನ್ನು 5 ಸೆಂಟಿಮೀಟರ್ ದೂರದಲ್ಲಿ ಕೂಡಿಸುತ್ತದೆ. ಅದನ್ನು ರೋಗಿಯ ಕಣ್ಣಿನ ಮುಂದೆ ಸುಮಾರು ಅಷ್ಟೇ ಅಂತರದಲ್ಲಿ ಹಿಡಿದರೆ, ಕಣ್ಣಿನ ಹಿಂಗೋಡೆಯ ಚಿತ್ರವು ಮಸೂರಕ್ಕೂ ಫೋನಿಗೂ ನಡುವೆ ಗಾಳಿಯಲ್ಲಿ ಮೂಡುತ್ತದೆ. ಫೋನು ಆ ಚಿತ್ರದ ಚಿತ್ರವನ್ನು ತೆಗೆಯುತ್ತದೆ. ಅದು ತಲೆಕೆಳಗಾಗಿಯೂ ಎಡಬಲ ಮಗುಚಿಯೂ ಇರುವುದರಿಂದ ಓದುವವರು ಅದನ್ನು ತಿರುಗಿಸಿಕೊಂಡು ನೋಡಬೇಕು. ಕೈಯಲ್ಲಿ ಮಸೂರವನ್ನೂ ಇನ್ನೊಂದು ಕೈಯಲ್ಲಿ ಫೋನನ್ನೂ ಹಿಡಿಯುವುದು ಅಭ್ಯಾಸವಿಲ್ಲದವರಿಗೆ ಕಷ್ಟವಾದುದರಿಂದ, ಎರಡನ್ನೂ ತಕ್ಕ ಅಂತರದಲ್ಲಿ ನಿಲ್ಲಿಸುವ ಕೊಳವೆಗಳುಂಟು. ಮಸೂರಗಳನ್ನೂ ದೀಪವನ್ನೂ ಒಳಗೊಂಡ ಯಂತ್ರಕ್ಕೆ ಫೋನನ್ನು ಸೇರಿಸುವ ಇನ್ನೊಂದು ಬಗೆಯುಂಟು. 'ಫಂಡಸ್ ಆನ್ ಫೋನ್' ಎಂಬ ಅಂತಹ ಉಪಕರಣವನ್ನು ತಯಾರಿಸಿದ ರೆಮಿಡಿಯೊ ಸಂಸ್ಥೆಯು ನಮ್ಮ ಬೆಂಗಳೂರಿನದೇ ಎಂಬುದು ಸಂತೋಷದ ಸಂಗತಿ.

ಒಳಗೆ ಕಾಣುವುದೇನು? ಕಿತ್ತಳೆಯ ಬಣ್ಣದ ನೆಲದ ಮೇಲೆ ಕೆಂಪು ರಕ್ತನಾಳಗಳು ಮರದ ಕೊಂಬೆಗಳಂತೆ ಹರಡಿರುತ್ತವೆ. ಅವು ಹೊರಡುವ ಸ್ಥಳದಲ್ಲಿ ದೃಷ್ಟಿನರದ ತುದಿಯು ತಿಳಿಹಳದಿಯ ಬಿಲ್ಲೆಯಂತೆ ತೋರುತ್ತದೆ. ಈ ಹಿಂಗೋಡೆಯೇ ಅಕ್ಷಿಪಟಲ, ಅಂದರೆ ರೆಟಿನಾ. ದೇಹವನ್ನು ಕೊಯ್ಯದೆ ಜೀವಂತ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಸ್ಥಳವಿದು. ಆದುದರಿಂದಲೇ ಸಕ್ಕರೆ ಕಾಯಿಲೆಯು ಮಾಡುವ ಹಾನಿಯನ್ನು ಇಲ್ಲಿ ಕಾಣಬಹುದು: ನಾಳಗಳು ಅಲ್ಲಲ್ಲಿ ಉಬ್ಬುತ್ತವೆ, ರಕ್ತವು ಚುಕ್ಕೆಚುಕ್ಕೆಯಾಗಿ ಒಸರುತ್ತದೆ, ರೋಗ ಮುಂದುವರಿದರೆ ಬಲವಿಲ್ಲದ ಹೊಸ ನಾಳಗಳು ಹುಟ್ಟಿ ಒಡೆಯುತ್ತವೆ. ಇಷ್ಟಾದರೂ ನೋವಿರುವುದಿಲ್ಲ, ಮೊದಮೊದಲು ನೋಟವೂ ಕುಂದುವುದಿಲ್ಲ. ಕುಂದಿದಾಗ ಕಾಲ ಮೀರಿರುವುದುಂಟು.

ಇದು ದೂರದ ಮಾತಲ್ಲ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯು 2023ರಲ್ಲಿ ತಿಳಿಸಿತು. 40 ವರ್ಷ ತುಂಬಿದ ಸಕ್ಕರೆ ಕಾಯಿಲೆಯವರಲ್ಲಿ ನೂರಕ್ಕೆ 12.5ರಷ್ಟು, ಅಂದರೆ ಎಂಟು ಮಂದಿಗೆ ಒಬ್ಬರ ಅಕ್ಷಿಪಟಲಕ್ಕೆ ಹಾನಿ ತಟ್ಟಿತ್ತೆಂದು 2022ರಲ್ಲಿ ಪ್ರಕಟವಾದ ಇನ್ನೊಂದು ಅಖಿಲ ಭಾರತ ಸಮೀಕ್ಷೆಯಿಂದ ತಿಳಿದುಬಂದಿತು. ಇಷ್ಟು ಜನರೆಲ್ಲರೂ ವರ್ಷಕ್ಕೊಮ್ಮೆ ದೊಡ್ಡ ಆಸ್ಪತ್ರೆಯ ಕ್ಯಾಮೆರಾದ ಮುಂದೆ ಕೂರುವುದು ಆಗದ ಮಾತು. ಹಾಗಾದರೆ ಫೋನಿನ ಚಿತ್ರವನ್ನು ನಂಬಬಹುದೇ? ಚೆನ್ನೈಯ ಮಧುಮೇಹ ಚಿಕಿತ್ಸಾಲಯವೊಂದರಲ್ಲಿ 301 ಜನರ ಕಣ್ಣುಗಳನ್ನು ಫೋನಿನ ಉಪಕರಣದಿಂದಲೂ ದೊಡ್ಡ ಕ್ಯಾಮೆರಾದಿಂದಲೂ ಚಿತ್ರಿಸಿ ಹೋಲಿಸಿದರು. ದೊಡ್ಡ ಕ್ಯಾಮೆರಾದಲ್ಲಿ ಹಾನಿ ಕಂಡ ನೂರರಲ್ಲಿ ಸುಮಾರು 93ನ್ನು ಫೋನೂ ಹಿಡಿಯಿತೆಂದು 2015ರಲ್ಲಿ ಪ್ರಕಟಿಸಿದರು. ಪಾಪೆಯನ್ನು ಅರಳಿಸುವ ಹನಿ ಹಾಕಿ, ಕಲಿತ ಕೈಗಳು ತೆಗೆದ ಚಿತ್ರಗಳವು ಎಂಬುದನ್ನೂ ಜೊತೆಗೆ ನೆನಪಿಡಬೇಕು.

ಚಿತ್ರವೇ ಪ್ರಯಾಣ ಮಾಡಿ ರೋಗಿಯು ಇದ್ದಲ್ಲಿಯೇ ಇರುವ ಕ್ರಮಕ್ಕೆ ನಮ್ಮ ನಾಡಿನಲ್ಲಿ ಇನ್ನೊಂದು ಉತ್ತಮ ನಿದರ್ಶನವುಂಟು. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಅಕ್ಷಿಪಟಲದ ನಾಳಗಳು ಸರಿಯಾಗಿ ಬೆಳೆಯದೆ, ಕೆಲವೇ ವಾರಗಳಲ್ಲಿ ಕುರುಡುತನ ಬರುವ ಅಪಾಯವಿರುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾಕ್ಟರ್ ಆನಂದ ವಿಣೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ 'ಕಿಡ್‌ರಾಪ್' ಎಂಬ ಕಾರ್ಯವು ಆರಂಭವಾಯಿತು. ತರಬೇತಿ ಹೊಂದಿದ ಸಹಾಯಕರು ಕ್ಯಾಮೆರಾವನ್ನು ಹೊತ್ತು ಜಿಲ್ಲೆಗಳ ಶಿಶುವಾರ್ಡುಗಳಿಗೆ ಹೋಗಿ ಚಿತ್ರ ತೆಗೆಯುವರು. ತಜ್ಞರು ದೂರದಿಂದಲೇ, ಕೆಲವೊಮ್ಮೆ ಕೈಯಲ್ಲಿನ ಫೋನಿನಲ್ಲಿಯೇ, ಅದನ್ನು ನೋಡಿ ಯಾವ ಶಿಶುವಿಗೆ ಚಿಕಿತ್ಸೆ ಬೇಕೆಂದು ತಿಳಿಸುವರು. ಇಲ್ಲಿ ಚಿತ್ರ ತೆಗೆಯುವುದು ಫೋನಲ್ಲ. ಚಿತ್ರವನ್ನು ತಜ್ಞರ ಕೈಗೆ ತಲಪಿಸುವುದರಲ್ಲಿ ಅದರ ಉಪಕಾರ.

ತಾಯಂದಿರು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಇದಕ್ಕೆ ಮಸೂರವೂ ಬೇಕಾಗಿಲ್ಲ. ದೀಪ ಮಿಂಚಿಸಿ ತೆಗೆದ ಚಿತ್ರಗಳಲ್ಲಿ ಕಣ್ಣಿನ ಪಾಪೆಯು ಕೆಂಪಾಗಿ ಕಾಣುವುದನ್ನು ನೋಡಿರುತ್ತೀರಿ. ಅದು ನಾವು ಮೇಲೆ ಹೇಳಿದ, ಅಕ್ಷಿಪಟಲದಿಂದ ಹಿಂದಿರುಗಿದ ಬೆಳಕು, ಭಯಪಡತಕ್ಕದ್ದಲ್ಲ. ಆದರೆ ಮಗುವಿನ ಪಾಪೆಯು ಕೆಂಪಾಗದೆ ಬೆಳ್ಳಗೆ ಹೊಳೆದರೆ ಎಚ್ಚರಗೊಳ್ಳಬೇಕು. ಚಿತ್ರ ತೆಗೆದ ಓರೆಯಿಂದಲೂ ಹಾಗಾಗುವುದುಂಟು, ಪೊರೆಯಿಂದಾಗಬಹುದು, ವಿರಳವಾಗಿ, ಅಕ್ಷಿಪಟಲದಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆಯಿಂದಲೂ ಆಗಬಹುದು. ತನ್ನ ಮಗುವಿಗೇ ಈ ಗಡ್ಡೆ ಬಂದ ಬಳಿಕ, ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬ್ರಯನ್ ಷಾ ಎಂಬವರು, ಫೋನಿನಲ್ಲಿರುವ ಮನೆಯ ಚಿತ್ರಗಳಲ್ಲಿ ಬಿಳಿಯ ಪಾಪೆಯನ್ನು ಹುಡುಕುವ ಸಾಧನವನ್ನು ಸಂಗಡಿಗರೊಡನೆ ರಚಿಸಿದರು. 40 ಮಕ್ಕಳ 50,000ಕ್ಕೂ ಹೆಚ್ಚು ಚಿತ್ರಗಳನ್ನು ಶೋಧಿಸಿ ಅವರು 2019ರಲ್ಲಿ ಪ್ರಕಟಿಸಿದಂತೆ, ಕಣ್ಣಿನ ರೋಗವಿದ್ದ ಮಕ್ಕಳಲ್ಲಿ ನೂರಕ್ಕೆ 80ರಷ್ಟು ಮಂದಿಯ ಹಳೆಯ ಚಿತ್ರಗಳಲ್ಲಿ, ವೈದ್ಯರು ರೋಗವನ್ನು ಗುರುತಿಸುವುದಕ್ಕೆ ಸರಾಸರಿ 1.3 ವರ್ಷ ಮುಂಚೆಯೇ ಬಿಳುಪು ಕಾಣಿಸಿಕೊಂಡಿತ್ತು. ಆದುದರಿಂದ ಅಂತಹ ಬಿಳುಪನ್ನು ಕಂಡರೆ ತಡಮಾಡದೆ, ಆ ಚಿತ್ರದೊಡನೆ ಮಗುವನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಫೋನಿನಿಂದ ಆಗದ ಕೆಲಸಗಳನ್ನೂ ಹೇಳದಿದ್ದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾಗುವುದು. ಮಸೂರದ ಚಿತ್ರದಲ್ಲಿ ಹಿಂಗೋಡೆಯ ಅಂಚಿನ ಭಾಗಗಳು ಸಾಮಾನ್ಯವಾಗಿ ಬೀಳುವುದಿಲ್ಲ. ಕಣ್ಣಿನೊಳಗಿನ ಒತ್ತಡವನ್ನು ಅದು ಅಳೆಯದು. ಪೊರೆ ಬಲಿತ ಕಣ್ಣಿನಲ್ಲಿ ಹಿಂದಿನದು ಮಂಜಾಗಿ ಕಾಣುತ್ತದೆ. ಪಾಪೆಯನ್ನು ಅರಳಿಸುವ ಹನಿಯನ್ನು ವೈದ್ಯರ ಅಪ್ಪಣೆಯಿಲ್ಲದೆ ಯಾರೂ ಹಾಕತಕ್ಕದ್ದಲ್ಲ. ಕೆಲವರ ಕಣ್ಣಿನಲ್ಲಿ ಅದರಿಂದ ಒತ್ತಡವು ಹಠಾತ್ತಾಗಿ ಏರುವ ಅಪಾಯವುಂಟು. ಹನಿ ಹಾಕಿಸಿಕೊಂಡ ಬಳಿಕ ಕೆಲವು ಗಂಟೆಗಳ ಕಾಲ ನೋಟ ಮಸುಕಾಗುವುದರಿಂದ ಸ್ಕೂಟರು ಓಡಿಸಬಾರದು. ಪೇಟೆಯಲ್ಲಿ ಮಸೂರ ಸಿಕ್ಕುತ್ತದೆಂದು ಮನೆಯಲ್ಲಿ ಮಕ್ಕಳ ಕಣ್ಣಿಗೆ ದೀಪ ಹಿಡಿದು ಪ್ರಯೋಗ ಮಾಡುವುದೂ ತರವಲ್ಲ. ಇನ್ನೊಂದು ಮಾತು: ಮಗುವಿನ ಕಣ್ಣಿನ ಚಿತ್ರವು ಮಗುವಿನದು. 18 ವರ್ಷ ತುಂಬದವರ ವಿವರಗಳನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಹೇಳುತ್ತದೆ. ಒಪ್ಪಿಗೆಯ ಚೀಟಿಯನ್ನು ಓದಿಯೇ ರುಜು ಹಾಕಿರಿ; ಚಿತ್ರವು ಯಾರ ಬಳಿ ಉಳಿಯುವುದೆಂದು ಕೇಳಿರಿ; ಅದನ್ನು ವಾಟ್ಸಾಪಿನ ಗುಂಪುಗಳಿಗೆ ಹಾಕಬೇಡಿರಿ.

ಈಗ ನಾವು ಈ ಲೇಖನದ ಮುಖ್ಯ ವಿಷಯಕ್ಕೆ ಬಂದೆವು. ಆಫ್ರಿಕದ ಕೀನ್ಯಾ ದೇಶದಲ್ಲಿ 50 ಶಾಲೆಗಳನ್ನು ಎರಡು ಪಾಲು ಮಾಡಿ, 20,000ಕ್ಕೂ ಹೆಚ್ಚು ಮಕ್ಕಳ ದೃಷ್ಟಿಯನ್ನು ಪರೀಕ್ಷಿಸಿದರು. ಒಂದು ಪಾಲಿನಲ್ಲಿ ಹಳೆಯ ಕ್ರಮದಂತೆ ಫಲಕದಿಂದ ಪರೀಕ್ಷೆ ನಡೆಸಿ ಚೀಟಿ ಕೊಟ್ಟರು. ಇನ್ನೊಂದು ಪಾಲಿನಲ್ಲಿ 'ಪೀಕ್' ಎಂಬ ಫೋನಿನ ಕ್ರಮದಿಂದ ಪರೀಕ್ಷಿಸಿದರು. ಜೊತೆಗೆ, ಮಗುವಿಗೆ ಲೋಕವು ಎಷ್ಟು ಮಸುಕಾಗಿ ಕಾಣುತ್ತದೆಂಬುದನ್ನು ತೋರಿಸುವ ಚಿತ್ರವನ್ನು ಮನೆಗೆ ಕಳುಹಿಸಿ, ಪಾಲಕರ ಫೋನಿಗೆ ಜ್ಞಾಪನೆಯ ಸಂದೇಶಗಳನ್ನು ಕಳುಹಿಸುತ್ತ ಬಂದರು. 2018ರಲ್ಲಿ ಪ್ರಕಟವಾದ ಫಲ ಇದು: ದೃಷ್ಟಿ ಸಾಲದೆಂದು ತಿಳಿದ ಮಕ್ಕಳಲ್ಲಿ, ಎಂಟು ವಾರಗಳೊಳಗಾಗಿ ಆಸ್ಪತ್ರೆಗೆ ಹೋದವರು ಹಳೆಯ ಕ್ರಮದಲ್ಲಿ ನೂರಕ್ಕೆ 22, ಹೊಸ ಕ್ರಮದಲ್ಲಿ 54. ಈ ಸಂಖ್ಯೆಗಳಲ್ಲಿ ಎರಡು ಪಾಠಗಳಿವೆ. ತಾಯಿತಂದೆಯರಿಗೆ ಮಗುವಿನ ಕಷ್ಟವನ್ನು ಕಣ್ಣಾರೆ ಕಾಣಿಸಿ, ಮರೆಯದಂತೆ ಎಚ್ಚರಿಸುತ್ತಿದ್ದರೆ, ಹೋಗುವವರ ಸಂಖ್ಯೆ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಇಷ್ಟು ಮಾಡಿದರೂ ನೂರರಲ್ಲಿ 46 ಮಕ್ಕಳು ಮನೆಯಲ್ಲಿಯೇ ಉಳಿದರು.

ನಮ್ಮ ಶಾಲೆಯ ಪರೀಕ್ಷೆಯ ಬಳಿಕವೂ ಚೀಟಿ ಪಡೆದ ಬಾಲಿಕೆಯರೆಲ್ಲರೂ ಆಸ್ಪತ್ರೆಗೆ ಹೋಗಲಿಲ್ಲ. ಕಾರಣ ಕೇಳಿದಾಗ ಕೆಲವರು ದಿನಗೂಲಿ ತಪ್ಪುವುದೆಂದರು. ಇದನ್ನು ನಾವು ಅಲ್ಲಗಳೆಯಲಾರೆವು. ಕೆಲವರು ಪರೀಕ್ಷೆಗಳು ಮುಗಿಯಲೆಂದರು. ಒಬ್ಬ ತಾಯಿಯವರು ದನಿ ತಗ್ಗಿಸಿ, "ಈಗಲೇ ಕನ್ನಡಕ ಹಾಕಿದರೆ ನಾಳೆ ಗಂಡಿನ ಕಡೆಯವರು ಏನೆಂದಾರು, ಮಿಸ್?" ಎಂದರು. ಮನೆಯಲ್ಲಿ ಹೀಗೆ ಕೇಳಿ ಬಂದ ಹುಡುಗಿಯರು ಕನ್ನಡಕವನ್ನು ಚೀಲದಲ್ಲಿಟ್ಟುಕೊಂಡು, ಶಾಲೆಯ ಗೇಟು ದಾಟಿದ ಮೇಲೆ ಧರಿಸುವುದನ್ನು ನಾವು ಕಂಡಿದ್ದೇವೆ. ಮಗಳ ಮದುವೆಯ ಚಿಂತೆ ತಾಯಿಗೆ ಸಹಜವೇ. ಆದರೆ ಕಾಣದ ಕಣ್ಣಿನಿಂದ ಓದು ಹಿಂದೆ ಬಿದ್ದ ಹುಡುಗಿಗೆ ಆಗುವ ನಷ್ಟವನ್ನು, ರಸ್ತೆ ದಾಟುವಾಗ ಅವಳಿಗಿರುವ ಅಪಾಯವನ್ನು ಯಾವ ಗಂಡಿನ ಕಡೆಯವರೂ ತುಂಬಿಕೊಡಲಾರರು. ಅಣ್ಣನಿಗೆ ಕೊಡಿಸಿದ ಕನ್ನಡಕವನ್ನು ತಂಗಿಗೂ ಕೊಡಿಸಿರೆಂದು ಮಾತ್ರ ಕೇಳಿಕೊಳ್ಳುತ್ತೇವೆ.

ದಾರಿಯು ಹಿಂದಿನಷ್ಟು ದುರ್ಗಮವಾಗಿಲ್ಲ. 1913ರಿಂದ ಈಗಿನ ಕಟ್ಟಡದಲ್ಲಿರುವ ಸರಕಾರದ ಮಿಂಟೋ ಕಣ್ಣಾಸ್ಪತ್ರೆಗೆ, 2011ರಲ್ಲಿ ನಮ್ಮ ಮೆಟ್ರೋ ಓಡತೊಡಗಿದ ಇದೇ ಬೈಯಪ್ಪನಹಳ್ಳಿಯಿಂದ ಹೊರಟು, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿದರೆ ಆಸ್ಪತ್ರೆಯು ಸಮೀಪ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯು ಇನ್ನೂ ಹತ್ತಿರ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಕನ್ನಡಕದ ಏರ್ಪಾಡುಂಟು.

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ಹಣ ಕಳುಹಿಸುವವರಿಗೆ ನಾವು ಕೃತಜ್ಞರು. ಆದರೆ ಈ ಕಾರ್ಯಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಒಂದು ಬೆಳಗಿನ ವೇಳೆ. ಕೂಲಿ ಬಿಟ್ಟು ಬರಲಾರದ ತಾಯಿಯ ಪರವಾಗಿ, ಅವರ ಒಪ್ಪಿಗೆ ಪಡೆದು, ಅವರ ಮಗಳ ಜೊತೆಯಲ್ಲಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಬೇಕು. ಅಂತಹವರು ಶಾಲೆಯ ಕಚೇರಿಯಲ್ಲಿ ಹೆಸರು ಬರೆಸಿದರೆ ಉಪಕಾರವಾಗುವುದು. ಪಾಲಕರಲ್ಲಿ ಸಕ್ಕರೆ ಕಾಯಿಲೆಯುಳ್ಳವರು ಮಕ್ಕಳ ಕಣ್ಣಿನ ಜೊತೆಗೆ ತಮ್ಮ ಕಣ್ಣನ್ನೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಲಿ. ಮನೆಯವರೆಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನಮ್ಮ ತಾಯಂದಿರು ಈ ವಿಷಯದಲ್ಲಿ ಕೊನೆಯವರಾಗದಿರಲಿ.

ಅಂದು ಪ್ರಶ್ನೆ ಕೇಳಿದ ತಾಯಿಯವರಿಗೆ ನಮ್ಮ ಉತ್ತರವಿಷ್ಟು. ಅಮ್ಮಾ, ತಾವು ಹೇಳಿದ್ದು ಸರಿಯೇ. ಬಯಲಿನಲ್ಲಿ ಆಡದೆ, ಗಂಟೆಗಟ್ಟಲೆ ಹತ್ತಿರದ್ದನ್ನೇ ನೋಡುವ ಮಕ್ಕಳಿಗೆ ದೂರದ ನೋಟ ಮಸುಕಾಗುವ ಸಂಭವ ಹೆಚ್ಚು. ಆ ಎಚ್ಚರಿಕೆಯನ್ನು ನಾವು ಬಿಡುವುದಿಲ್ಲ. ಮಕ್ಕಳು ನೋಡುವುದು ಫೋನಿನ ಮುಖವನ್ನು. ವೈದ್ಯರು ಉಪಯೋಗಿಸುವುದು ಅದರ ಬೆನ್ನನ್ನು, ಅದೂ ಕೆಲವು ಕ್ಷಣ ಮಾತ್ರ. ಆ ಕ್ಷಣದಲ್ಲಿ ಅದು ಕಂಡುದನ್ನು ನಮಗೆ ತಿಳಿಸುತ್ತದೆ. ತಿಳಿದ ಮೇಲೆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ತಮ್ಮದು, ನಮ್ಮದು. ಕೊನೆಯ ಬೆಂಚಿನ ಆ ಹುಡುಗಿಗೆ ನಾವು ಕಳೆದ ಎರಡು ವರ್ಷಗಳು ಇನ್ನೊಬ್ಬಳಿಗೆ ಕಳೆಯದಿರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.